ನಲವತ್ತೊಂದನೆಯ ಕೀ

ಮಾರ್ಚ್ ೫
ಪಾಲಿಶ್ ಅಂಗಡಿಯಿಂದ

ಚಿರಂಜೀವಿ ಗುಬ್ಬಿಗೆ ಮಾವನ ಆಶೀರ್ವಾದ.

ನಿನ್ನ ಪೆಟ್ಟಿಗೆ ನಿನ್ನೆ ಸಂಜೆಯ ಬಸ್ಸಿನಲ್ಲಿ ಬಂತು. ಬಂದ ಪೆಟ್ಟಿಗೆಯನ್ನು ಬಂದ ತಕ್ಷಣ ಬಿಚ್ಚುವ ಆಸಾಮಿ ನಾನಲ್ಲ. ಮೊದಲು ಅದರ ಸುತ್ತ ಎರಡು ಸಲ ತಿರುಗಿದೆ, ಆಮೇಲೆ ಹಗ್ಗದ ಗಂಟು ನೋಡಿದೆ. ಒಂದು ಗಂಟು ಬಲಗೈಯವರು ಹಾಕಿದ್ದು, ಇನ್ನೊಂದು ಎಡಚರು ಹಾಕಿದ್ದು. ಅಂದರೆ ಇಬ್ಬರು ಸೇರಿ ಕಟ್ಟಿರಬೇಕು, ಇಲ್ಲವೇ ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಬಿಚ್ಚಿ ಮತ್ತೆ ಕಟ್ಟಿರಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಆದರೆ ಗಂಟು ಓದುವುದಕ್ಕೆ ಯಾವ ಕಾಲೇಜೂ ಬೇಕಾಗಿಲ್ಲ.

ಒಳಗೆ ನಿನ್ನ ಚೀಟಿ ಇತ್ತು. ಅಕ್ಕನ ಪಿಯಾನೊದ ಕಪ್ಪು ಕೀಗಳೆಲ್ಲ ಸವೆದು ಬೂದಿ ಬಣ್ಣಕ್ಕೆ ತಿರುಗಿವೆ, ಏಪ್ರಿಲ್ ಇಪ್ಪತ್ತಕ್ಕೆ ಅವಳಿಗೆ ಎಪ್ಪತ್ತು ತುಂಬುತ್ತದೆ, ಅವಳ ಹತ್ತಿರ ಕಲಿತ ಮಕ್ಕಳೆಲ್ಲ ಅವತ್ತು ಅವಳ ಕೈಯಲ್ಲಿ ಕೇಳಲು ಮನೆಗೆ ಬರುತ್ತಾರೆ, ಅಷ್ಟರೊಳಗೆ ಪಾಲಿಶ್ ಆಗಬೇಕು. ಅರ್ಥವಾಯಿತು. ಕೀಗಳನ್ನು ಎಣಿಸಿದೆ, ಮೂವತ್ತಾರು. ಟೀ ಕುಡಿದು ಬಂದು ಮತ್ತೆ ಎಣಿಸಿದೆ, ಆಗಲೂ ಮೂವತ್ತಾರು. ಒಂದೊಂದೂ ಮೊಳದುದ್ದದ ಕಡ್ಡಿ, ಅದರ ತುದಿಯಲ್ಲಿ ಕಪ್ಪು ಟೋಪಿ, ಬುಡದಲ್ಲಿ ಒತ್ತಿದ ನಂಬರು. ಎಲ್ಲ ಸರಿ ಇದೆ. ಹೀಗೆ ಎಲ್ಲ ಸರಿ ಇದ್ದಾಗಲೇ ನನಗೆ ಅನುಮಾನ ಬರುವುದು.

ಈ ಊರಿನಲ್ಲಿ ನಿನ್ನ ಮಾವನಷ್ಟು ಕರಿಮರ ಬಲ್ಲವರು ಇಲ್ಲ. ಬೇರೆಯವರು ಸಾದಾ ಮರಕ್ಕೆ ಮಸಿ ಬಳಿದು ಕರಿಮರ ಅನ್ನುತ್ತಾರೆ, ನಾನು ಮೂಸಿ ಹೇಳುತ್ತೇನೆ. ಇದು ಅಸಲಿ, ತಿರುಳಿನವರೆಗೂ ಕಪ್ಪು. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ, ನಾನು ತುಂಬಿಯೂ ತುಳುಕುತ್ತೇನೆ, ಏನು ಮಾಡಲಿ.

ಎರಡು ವಿಷಯ ಬರೆದು ತಿಳಿಸು. ಪಿಯಾನೊಗೆ ಶ್ರುತಿ ಮಾಡಲು ಬಂದು ಕೀಗಳನ್ನು ಬಿಚ್ಚಿಕೊಟ್ಟ ಆ ಟ್ಯೂನರ್ ಯಾರು, ಯಾರ ಮಗ? ಎರಡನೆಯದು, ಅಕ್ಕ ಯಾವುದಾದರೂ ಒಂದು ಕೀ ಬಗ್ಗೆ ವಿಶೇಷವಾಗಿ ಏನಾದರೂ ಹೇಳಿದಳಾ? ಸುಮ್ಮನೆ ಕೇಳಿದೆ.

ನಿನ್ನ ಮಾವ


ಮಾರ್ಚ್ ೧೧

ಮಾವನಿಗೆ ಗುಬ್ಬಿಯ ನಮಸ್ಕಾರ.

ಗಂಟಿನ ವಿಷಯ ಓದಿ ನಕ್ಕೆ. ಒಂದು ತುದಿ ನಾನು ಕಟ್ಟಿದ್ದು, ಇನ್ನೊಂದು ಟ್ಯೂನರ್ ಕಟ್ಟಿದ್ದು. ಅವರು ಎಡಚರು. ಇಷ್ಟಕ್ಕೇ ನಿಮ್ಮ ನಿದ್ದೆ ಕೆಟ್ಟಿದ್ದರೆ ಕ್ಷಮಿಸಿ.

ಅವರು ಯಾರ ಮಗ ಅಂತ ಕೇಳಿದಿರಿ. ನಿಮಗೆ ಗೊತ್ತಿರಬೇಕು. ನೀವು, ಅಮ್ಮ ಚಿಕ್ಕವರಿದ್ದಾಗ ತಾತನ ಮನೆಗೆ ವರ್ಷಕ್ಕೆರಡು ಸಲ ಬರುತ್ತಿದ್ದ ಟ್ಯೂನರಿನ ಮಗನಂತೆ. ಹತ್ತು ವರ್ಷದ ಹಿಂದೆ ಅಮ್ಮನೇ ಹುಡುಕಿಸಿ ಕರೆಸಿದಳು. ಈ ಊರಿನಲ್ಲಿ ಇನ್ನೂ ಇಬ್ಬರು ಟ್ಯೂನರುಗಳಿದ್ದಾರೆ, ಇನ್ನೂ ಹತ್ತಿರದವರು. ಅವರು ಯಾಕೆ ಬೇಡ ಅಂತ ನಾನು ಒಮ್ಮೆ ಕೇಳಿದ್ದೆ. ‘ಇವರೇ ಇರಲಿ’ ಅಂದಳು, ಅಷ್ಟೆ. ಮಾತು ಕಡಿಮೆ ಇರುವ ಮನುಷ್ಯ. ಕೆಲಸ ಮುಗಿಸಿ, ಕೈ ತೊಳೆದು, ಕೊಟ್ಟ ಟೀ ಕುಡಿಯದೆ ಹೋಗುತ್ತಾರೆ.

ಅಮ್ಮ ಒಂದು ಮಾತು ಹೇಳಿದ್ದಾಳೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ‘ಅವನಿಗೆ ಹೇಳು, ಪಾಲಿಶ್ ಮಾಡಲಿ. ರಿಪೇರಿ ಮಾಡೋಕೆ ಹೋಗೋದು ಬೇಡ.’ ಎರಡಕ್ಕೂ ಏನು ವ್ಯತ್ಯಾಸ ಅಂತ ಕೇಳಿದೆ. ‘ಅವನಿಗೆ ಗೊತ್ತಾಗುತ್ತೆ’ ಅಂತ ನಕ್ಕಳು.

ಮಾವ, ನೀವು ಯಾಕೆ ಒಂದು ಕೀ ಬಗ್ಗೆ ಕೇಳಿದಿರಿ? ಸುಮ್ಮನೆ ಕೇಳಿದೆ ಅಂತ ಬರೆದಿದ್ದೀರಿ. ನೀವು ಸುಮ್ಮನೆ ಕೇಳಿದ್ದು ನನಗೆ ಬುದ್ಧಿ ಬಂದಾಗಿನಿಂದ ಒಂದೂ ಇಲ್ಲ.

ಅಮ್ಮ ಚೆನ್ನಾಗಿದ್ದಾಳೆ. ಕನ್ನಡಕ ಬದಲಾಯಿಸಬೇಕು, ಅಷ್ಟೆ. ನೀವು ಬರುವ ತೊಂದರೆ ತೆಗೆದುಕೊಳ್ಳಬೇಡಿ, ಕೀಗಳನ್ನು ಕಳಿಸಿದರೆ ಸಾಕು.

ಗುಬ್ಬಿ


ಮಾರ್ಚ್ ೨೬
ಪಾಲಿಶ್ ಅಂಗಡಿಯಿಂದ

ಗುಬ್ಬಿ,

ಕೆಲಸ ಮುಗಿಯಿತು. ಇವತ್ತಿನ ಬಸ್ಸಿಗೆ ಹಾಕಿದ್ದೇನೆ. ಎರಡೂ ಗಂಟು ನನ್ನವೇ, ಬೇರೆ ಥರ ಕಂಡರೆ ದಾರಿಯಲ್ಲಿ ಯಾರೋ ಬಿಚ್ಚಿದ್ದಾರೆ ಅಂತ ತಿಳಿ.

ಹೇಗೆ ಮಾಡಿದೆ ಅಂತ ಕೇಳು, ಕೇಳದಿದ್ದರೂ ಹೇಳುತ್ತೇನೆ. ಮೊದಲು ಸ್ಪಿರಿಟ್ಟಿನ ಬಟ್ಟೆಯಲ್ಲಿ ಒರೆಸಿ ಬೆರಳಿನ ಜಿಡ್ಡು ತೆಗೆದೆ. ಅಕ್ಕನ ಐವತ್ತು ವರ್ಷದ ಜಿಡ್ಡು, ನಾಲ್ಕು ಬಟ್ಟೆ ಕಪ್ಪಾದವು. ಆಮೇಲೆ ಬಾಟಲಿಯ ಬಿರಡೆಗೆ ನುಣುಪು ಉಪ್ಪುಕಾಗದ ಸುತ್ತಿ, ಮರದ ಎಳೆಯ ದಿಕ್ಕಿನಲ್ಲೇ ತಿಕ್ಕಿದೆ. ಅಡ್ಡ ತಿಕ್ಕಿದರೆ ಗೀರು ಬಿದ್ದು ಹಾಳು. ಆಮೇಲೆ ಚರ್ಮಕ್ಕೆ ಹಚ್ಚುವ ಕಪ್ಪು ಬಣ್ಣ ಮೂರು ಸಲ, ಒಂದೊಂದು ಸಲವೂ ಒಂದು ದಿನ ಒಣಗಲು ಬಿಟ್ಟು. ಕೊನೆಗೆ ಎರಡು ಹನಿ ಎಣ್ಣೆ ಬಿಟ್ಟು ಉಣ್ಣೆ ಬಟ್ಟೆಯಲ್ಲಿ ಉಜ್ಜಿದೆ. ತಿಳಿಯದವರು ವಾರ್ನಿಷ್ ಬಳಿಯುತ್ತಾರೆ. ವಾರ್ನಿಷ್ ಮಿರಮಿರ ಮಿಂಚುತ್ತದೆ, ಬೆರಳು ಬೆವೆತರೆ ಜಾರುತ್ತದೆ. ನನ್ನ ಕಪ್ಪು ಮಿಂಚುವುದಿಲ್ಲ, ಮೆರೆಯುತ್ತದೆ.

ಸವೆತ ನೋಡಿದರೆ ಅಕ್ಕ ಏನು ನುಡಿಸುತ್ತಾಳೆ ಅಂತ ಹೇಳಬಲ್ಲೆ. ನಡುವಿನವು ತಗ್ಗಾಗಿವೆ, ಎಡತುದಿಯವು ಅರೆಬರೆ, ಬಲತುದಿಯ ಕೊನೆಯದನ್ನು ಹುಟ್ಟಿದಾಗಿನಿಂದ ಯಾರೂ ಮುಟ್ಟಿದಂತಿಲ್ಲ, ಅಂಗಡಿಯಿಂದ ತಂದ ಹಾಗೇ ಇದೆ.

ಅಕ್ಕನ ಮಾತು ತಲುಪಿತು. ಆದರೆ ಅವಳಿಗೆ ಹೇಳು, ಮೈಮೇಲೆ ಗಾಯ ಬಿಟ್ಟು ಮನೆಗೆ ಕಳಿಸುವ ಕೆಲಸಗಾರ ನಾನಲ್ಲ.

ಇನ್ನು ಆ ಟ್ಯೂನರ್. ನೀನು ಅವನ ಅಪ್ಪನ ಹೆಸರೆತ್ತಿದಾಗಿನಿಂದ ನನಗೆ ಸಮಾಧಾನವಿಲ್ಲ. ಹತ್ತು ವರ್ಷದಿಂದ ಟೀ ಕುಡಿಯದವನು ಮನಸ್ಸಿನಲ್ಲಿ ಏನೋ ಇಟ್ಟುಕೊಂಡಿರುತ್ತಾನೆ. ಅವನು ಪೆಟ್ಟಿಗೆ ಬಿಚ್ಚುವಾಗ ಪಕ್ಕದಲ್ಲೇ ನಿಂತಿರು. ಕರಿಮರ ಈಗ ಸುಲಭವಾಗಿ ಸಿಗುವುದಿಲ್ಲ. ಮೊದಲು ಎಣಿಸು, ಆಮೇಲೆ ಕೊಡು, ಅವನು ಹೋದಮೇಲೆ ಇನ್ನೊಮ್ಮೆ ಎಣಿಸು. ಹಾಲಿಗೆ ಬೆಕ್ಕನ್ನು ಕಾವಲಿಟ್ಟ ಹಾಗಾಗುವುದು ಬೇಡ.

ಮಾವ


ಏಪ್ರಿಲ್ ೨

ಮಾವನಿಗೆ ನಮಸ್ಕಾರ.

ಪೆಟ್ಟಿಗೆ ತಲುಪಿತು. ಗಂಟು ಎರಡೂ ನಿಮ್ಮವೇ ಇದ್ದವು. ನೀವು ಹೇಳಿದ ಹಾಗೆ ಎಣಿಸಿಯೇ ಕೊಟ್ಟೆ. ನಾನು ಎಣಿಸುತ್ತಿದ್ದದ್ದನ್ನು ಟ್ಯೂನರ್ ನೋಡಿದರು. ಎಣಿಸಿ ಮುಗಿಯುವವರೆಗೆ ಕೈ ಕಟ್ಟಿಕೊಂಡು ಕಿಟಕಿ ಕಡೆ ತಿರುಗಿ ನಿಂತರು. ನನಗೆ ಹೇಗೆಹೇಗೋ ಆಯಿತು.

ಕೆಲಸ ಬಹಳ ಚೆನ್ನಾಗಿದೆ ಮಾವ. ಬಿಳಿಯ ನಡುವೆ ಆ ಕಪ್ಪು ನೋಡಿದರೆ ಪಿಯಾನೊಗೆ ವಯಸ್ಸೇ ಇಳಿದ ಹಾಗಿದೆ. ಇದನ್ನು ಮೊದಲು ಬರೆದೆ, ಯಾಕೆಂದರೆ ಮುಂದಿನದು ಬರೆಯಲು ಕಷ್ಟ.

ಟ್ಯೂನರ್ ಕೀ ಕೂರಿಸುವಾಗ ಎರಡನ್ನು ಮಾತ್ರ ಪಕ್ಕಕ್ಕಿಟ್ಟು, ಬೆಳಕಿಗೆ ಹಿಡಿದು ನೋಡಿದರು. ಏನು ಅಂತ ಕೇಳಿದ್ದಕ್ಕೆ, ‘ಈ ಎರಡರ ಟೋಪಿ ಬಿಚ್ಚಿ ಮತ್ತೆ ಅಂಟಿಸಿದ್ದಾರೆ, ಅಂಟು ಹೊಸದು’ ಅಂದರು. ಉಳಿದ ಮೂವತ್ನಾಲ್ಕಕ್ಕೆ ಹಳೇ ಅಂಟೇ ಇದೆಯಂತೆ. ಅವುಗಳ ನಂಬರನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡು, ಎರಡನ್ನೂ ಜಾಗಕ್ಕೆ ಕೂರಿಸಿದರು.

ಮರುದಿನ ಬೆಳಿಗ್ಗೆ ಅಮ್ಮ ಸ್ಟೂಲಿನ ಮೇಲೆ ಕೂತಳು. ನಿತ್ಯದ ಹಾಗೆ ಕೈ ಚಾಚಿದಳು, ಬೆರಳು ಆ ಕಡೆ ಈ ಕಡೆ ಓಡಾಡಿತು. ನುಡಿಸಲು ಶುರು ಮಾಡಿದಳು, ಎಲ್ಲವೂ ಒಂದು ಸಪ್ತಕ ಮೇಲೆ, ಹಕ್ಕಿ ಕಿರುಚಿದ ಹಾಗೆ. ನಿಲ್ಲಿಸಿದಳು. ಇನ್ನೊಮ್ಮೆ ಶುರು ಮಾಡಿದಳು, ಈ ಸಲ ಕೆಳಗೆ. ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ‘ಇದು ನನ್ನ ಪಿಯಾನೊ ಅಲ್ಲ’ ಅಂದಳು. ಆಮೇಲೆ ನಾಲ್ಕು ದಿನದಿಂದ ಅದರ ಹತ್ತಿರ ಹೋಗಿಲ್ಲ. ಇಪ್ಪತ್ತನೇ ತಾರೀಕು ಬರುವವರಿಗೆಲ್ಲ ಬರಬೇಡಿ ಅಂತ ಹೇಳಿಬಿಡು ಅನ್ನುತ್ತಾಳೆ. ನಾನು ಇನ್ನೂ ಯಾರಿಗೂ ಹೇಳಿಲ್ಲ.

ಆದ್ದರಿಂದ ಕೇಳಲೇಬೇಕಾಗಿದೆ. ನಾನು ಕಳಿಸಿದ ಕರಿಮರವೇ ನನಗೆ ವಾಪಸು ಬಂದಿದೆಯಾ ಮಾವ? ಕರಿಮರ ಈಗ ಸುಲಭವಾಗಿ ಸಿಗುವುದಿಲ್ಲ ಅಂತ ಬರೆದವರು ನೀವೇ.

ಗುಬ್ಬಿ


ಏಪ್ರಿಲ್ ೫
ಪಾಲಿಶ್ ಅಂಗಡಿಯಿಂದ

ಮಗಳೇ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಾಲ್ಕನೇ ಸಲ ಓದಲು ಕನ್ನಡಕ ಸಿಗಲಿಲ್ಲ, ಎಲ್ಲಿ ಎಸೆದೆನೋ ಗೊತ್ತಿಲ್ಲ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರು ತೋರಿಸಿದ ಮಾವನಿಗೆ, ಮರ ಕದ್ದೆಯಾ ಅಂತ ಕೇಳಿದ್ದೀಯ. ಕೇಳು. ದೊಡ್ಡವಳಾಗಿದ್ದೀಯ.

ಈ ಅಂಗಡಿಯಲ್ಲಿ ನಲವತ್ತು ವರ್ಷದಿಂದ ಕೂತಿದ್ದೇನೆ. ಒಬ್ಬರ ಕುರ್ಚಿಯ ಕಾಲು ಇನ್ನೊಬ್ಬರ ಕುರ್ಚಿಗೆ ಹೋಗಿದ್ದಿಲ್ಲ. ಅಕ್ಕನ ಪಿಯಾನೊದಿಂದ ಒಂದು ಚೂರು ಕರಿಮರ ಹೊರಗೆ ಹೋಗಿದ್ದರೆ ನನ್ನ ಕೈ ಬಿದ್ದುಹೋಗಲಿ. ಮೂವತ್ತಾರು ಬಂದವು, ಅದೇ ಮೂವತ್ತಾರು ಹೋದವು.

ಹೊಸ ಅಂಟು ಅಂತೆ! ಅವನ ಬಾಯಲ್ಲಿ ಬೇರೇನು ಬರುತ್ತದೆ? ನಿನಗೆ ಗೊತ್ತಿಲ್ಲ, ಅಕ್ಕ ಹೇಳಿರುವುದಿಲ್ಲ, ಅವಳಿಗೆ ಎಲ್ಲರ ಮೇಲೂ ಕರುಣೆ. ಇವನ ಅಪ್ಪ ನಮ್ಮ ಮನೆಗೆ ಶ್ರುತಿ ಮಾಡಲು ಬರುತ್ತಿದ್ದ. ನನಗಾಗ ಒಂಬತ್ತು ವರ್ಷ, ಅಕ್ಕನಿಗೆ ಹದಿಮೂರು. ಹಳೇ ಹೋಟೆಲೊಂದು ಮುಚ್ಚಿದಾಗ ಅಪ್ಪ ಇದೇ ಪಿಯಾನೊವನ್ನು ಹರಾಜಿನಲ್ಲಿ ತಂದಿದ್ದರು, ಮನೆಗೆ ಬಂದವರಿಗೆಲ್ಲ ತೋರಿಸುವುದೇ ಅವರ ಕೆಲಸ. ಒಂದು ದಿನ ಅವನು ಬಂದುಹೋದ ಮೇಲೆ ಅಪ್ಪ ನೋಡುತ್ತಾರೆ, ನಡುವಿನ ಜೋಡಿ ಕಪ್ಪು ಕೀಗಳಲ್ಲಿ ಎಡಗಡೆಯದರ ಅಂಚಿನಲ್ಲಿ ಚಾಕುವಿನ ಕಚ್ಚು, ಅಕ್ಕಿಕಾಳಿನಷ್ಟು. ಕರಿಮರ ಹೌದೋ ಅಲ್ಲವೋ ಅಂತ ಕೆತ್ತಿ ನೋಡಿದ್ದಾನೆ ಮಹಾರಾಯ, ಆಮೇಲೆ ಲಪಟಾಯಿಸುವ ಲೆಕ್ಕದಲ್ಲಿ. ನಾನು ಕಣ್ಣಾರೆ ಕಂಡಿದ್ದೆ, ಅಪ್ಪನಿಗೆ ಹೇಳಿದೆ. ಅಪ್ಪ ಅವನನ್ನು ಬೀದಿಯಲ್ಲಿ ನಿಲ್ಲಿಸಿ ಬೈದರು, ಮತ್ತೆ ಹೊಸ್ತಿಲು ತುಳಿಸಲಿಲ್ಲ.

ಅಂಥವನ ಮಗ ಇವನು. ಬೀಜದಂತೆ ಬೆಳೆ. ಇವತ್ತೇ ಅವನಿಗೆ ಬರಬೇಡ ಅನ್ನು. ಅವನು ಹೋದರೆ ಅಕ್ಕನ ಪಿಯಾನೊ ತಾನಾಗಿಯೇ ಸರಿಹೋಗುತ್ತದೆ. ಅಕ್ಕನಿಗೆ ಹೊಸ ಪಾಲಿಶ್ ಒಗ್ಗಲು ನಾಲ್ಕು ದಿನ ಬೇಕು, ಹೊಸ ಚಪ್ಪಲಿ ಕಚ್ಚುವುದಿಲ್ಲವೇ, ಹಾಗೆ.

ಮಾವ


ಏಪ್ರಿಲ್ ೯

ಮಾವನಿಗೆ,

ನಿಮ್ಮ ಕಾಗದ ನಿನ್ನೆ ಬೆಳಿಗ್ಗೆ ಬಂತು. ನೀವು ಹೇಳಿದ್ದನ್ನು ನಿನ್ನೆಯೇ ಮಾಡಿಬಿಟ್ಟೆ. ನನಗೆ ನನ್ನ ಮೇಲೇ ನಾಚಿಕೆ.

ಟ್ಯೂನರ್ ಮಧ್ಯಾಹ್ನ ಬಂದಿದ್ದರು, ಅಮ್ಮ ಯಾಕೆ ನುಡಿಸುತ್ತಿಲ್ಲ ಅಂತ ನೋಡಲು, ನಾನು ಕರೆಯದೆಯೇ. ಬಾಗಿಲಲ್ಲೇ ಹೇಳಿದೆ, ಇನ್ನು ಮೇಲೆ ಬರುವುದು ಬೇಡ ಅಂತ. ಯಾಕೆ ಅಂತ ಕೇಳಲಿಲ್ಲ. ಪುಸ್ತಕದಿಂದ ಒಂದು ಹಾಳೆ ಹರಿದು ಕೈಗೆ ಕೊಟ್ಟರು. ಹೊಸ ಅಂಟಿನ ಎರಡು ಕೀಗಳ ನಂಬರು ಅದರಲ್ಲಿತ್ತು, ನಲವತ್ತೊಂದು ಮತ್ತು ಎಂಬತ್ತಾರು. ‘ನಮ್ಮಪ್ಪನಿಗೂ ಹೀಗೇ ಹೊಸ್ತಿಲಲ್ಲೇ ಹೇಳಿ ಕಳಿಸಿದ್ರು’ ಅಂದರು. ‘ಅವರು ಮತ್ತೆ ಯಾವ ಪಿಯಾನೊನೂ ಮುಟ್ಟಲಿಲ್ಲ. ಊರಲ್ಲಿ ಇದ್ದಿದ್ದೇ ಐದು ಮನೇಲಿ. ಐದೂ ಬಾಗಿಲು ಹಾಕ್ಕೊಂಡ್ವು. ಸೈಕಲ್ ಅಂಗಡೀಲಿ ಪಂಕ್ಚರ್ ಹಾಕ್ತಾ ಸತ್ರು.’ ದನಿ ಏರಿಸಲಿಲ್ಲ. ಮೆಟ್ಟಿಲು ಇಳಿದು ಹೋದರು.

ಆಮೇಲೆ ನಾನು ಕಚ್ಚು ಹುಡುಕಿದೆ. ನಾನು ಪಿಯಾನೊ ನುಡಿಸಿದವಳಲ್ಲ, ಧೂಳು ಒರೆಸಿದವಳು. ಅಂಥ ಕಚ್ಚು ಇತ್ತು ಅಂತಲೇ ನನಗೆ ಗೊತ್ತಿರಲಿಲ್ಲ. ನಿಮ್ಮ ಕಾಗದದಿಂದಲೇ ಗೊತ್ತಾದದ್ದು. ನೀವು ಬರೆದ ಜಾಗದಲ್ಲಿ, ನಲವತ್ತೊಂದರಲ್ಲಿ, ಏನೂ ಇಲ್ಲ, ಅಂಚು ಹೊಸದರ ಹಾಗೆ ಚೂಪಾಗಿದೆ. ಒಂದೊಂದಾಗಿ ಉಗುರಿನಿಂದ ಸವರುತ್ತ ಹೋದೆ. ಬಲತುದಿಯ ಕಟ್ಟಕಡೆಯ ಕಪ್ಪು ಕೀ, ಎಂಬತ್ತಾರು, ಯಾರೂ ಮುಟ್ಟಿಲ್ಲ ಅಂತ ನೀವು ಬರೆದದ್ದು. ಅದರ ಎಡ ಅಂಚಿನಲ್ಲಿ ಉಗುರು ಸಿಕ್ಕಿಕೊಂಡಿತು. ಅಕ್ಕಿಕಾಳಿನಷ್ಟು.

ಮರ ಕದ್ದಿಲ್ಲ ಅಂತ ನೀವು ಬರೆದದ್ದು ನಿಜ. ಮೂವತ್ತಾರೂ ಅಸಲಿ. ಎರಡು ಟೋಪಿ ಮಾತ್ರ ಅದಲುಬದಲಾಗಿವೆ. ಬೇರೆಯವರು ಮಾಡಿದ ಕಚ್ಚಾಗಿದ್ದರೆ ನೀವು ಅದನ್ನು ಯಾಕೆ ಬಚ್ಚಿಡಬೇಕಿತ್ತು ಮಾವ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ನನಗೆ ಹೇಳಿಕೊಟ್ಟವರು ನೀವೇ.

ನಾನೂ ಒಂದು ಸುಳ್ಳು ಬರೆದಿದ್ದೆ. ಅಮ್ಮನಿಗೆ ಬೇಕಾದದ್ದು ಕನ್ನಡಕವಲ್ಲ. ಎರಡು ವರ್ಷದಿಂದ ಅವಳಿಗೆ ಕಾಣುವುದಿಲ್ಲ. ಕಿಟಕಿ ಯಾವ ಕಡೆ ಅನ್ನುವಷ್ಟು ಬೆಳಕು ಮಾತ್ರ. ನಿಮಗೆ ತಿಳಿಸಬೇಡ ಅಂತ ಆಣೆ ಹಾಕಿಸಿಕೊಂಡಿದ್ದಳು. ಗೊತ್ತಾದರೆ ಓಡಿಬಂದು ಬೀದಿಗೆಲ್ಲ ಡಂಗುರ ಹೊಡೆಯುತ್ತೀರಿ ಅಂತ ಅವಳ ಭಯ. ನಾನು ನಿಜ ಬರೆದಿದ್ದರೆ ನೀವು ಆ ಕೀಯನ್ನು ಮುಟ್ಟುತ್ತಿರಲಿಲ್ಲವೇನೋ. ಅವಳು ಕೂತ ತಕ್ಷಣ ಬೆರಳಿನಿಂದ ಹುಡುಕುತ್ತಿದ್ದದ್ದು ಆ ಕಚ್ಚನ್ನೇ. ಅದು ಸಿಕ್ಕಿದರೆ ಎಂಬತ್ತೆಂಟು ಕೀಯೂ ಅವಳ ಕೈಯಲ್ಲಿ. ಸಿಗದಿದ್ದರೆ ಎಲ್ಲಿ ಕೂತಿದ್ದೇನೆ ಅಂತಲೇ ಅವಳಿಗೆ ತಿಳಿಯುವುದಿಲ್ಲ.

ಇದನ್ನೆಲ್ಲ ಅವಳಿಗೆ ಓದಿ ಹೇಳಿದೆ. ಒಂದೇ ಮಾತು ಬರೆಯಲು ಹೇಳಿದಳು.

‘ಹಿಡಿ ಮುರಿದ ಆ ಚಾಕು ಅವನ ಹತ್ರ ಇನ್ನೂ ಇದೆಯಾ ಕೇಳು.’

ಗುಬ್ಬಿ


ಏಪ್ರಿಲ್ ೧೩

ಗುಬ್ಬಿ,

ಇದೆ.

ಅಷ್ಟನ್ನೇ ಬರೆದು ಕವರಿಗೆ ಹಾಕಿದ್ದೆ. ಅಂಚೆಪೆಟ್ಟಿಗೆಯವರೆಗೆ ಹೋಗಿ ವಾಪಸು ಬಂದೆ. ಇನ್ನು ಬರೆಯುವುದನ್ನು ಅಕ್ಕನಿಗೆ ಒಂದಕ್ಷರ ಬಿಡದೆ ಓದು.

ಅಪ್ಪ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು, ‘ಮಸಿ ಅಲ್ಲ, ಒಳಗೂ ಹೊರಗೂ ಒಂದೇ ಕಪ್ಪು.’ ಅಪ್ಪನ ಮಾತಿನಲ್ಲಿ ಅರ್ಧ ನೀರು ಅಂತ ಒಂಬತ್ತು ವರ್ಷಕ್ಕೇ ನನಗೆ ಗೊತ್ತಿತ್ತು. ಅವರ ಗುಣವೇ ನನಗೂ ಬಂದಿದೆ, ನೀನು ನೋಡಿಯೇ ಇದ್ದೀಯ. ಪರೀಕ್ಷೆ ಮಾಡಿಬಿಡೋಣ ಅಂದುಕೊಂಡೆ. ಹಿಡಿ ಮುರಿದ ಪೆನ್ಸಿಲ್ ಚಾಕು ಜೇಬಿನಲ್ಲಿತ್ತು. ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾರೆ ಅಂದುಕೊಂಡು ಒಂದೇ ಒಂದು ಕಚ್ಚು ಹಾಕಿದೆ. ಒಳಗೂ ಕಪ್ಪೇ ಇತ್ತು. ಅಪ್ಪ ಜೀವನದಲ್ಲಿ ಒಮ್ಮೆ ನಿಜ ಹೇಳಿದ್ದರು, ಅವತ್ತೇ ನಾನು ಅನುಮಾನಪಟ್ಟೆ.

ಮಧ್ಯಾಹ್ನ ಟ್ಯೂನರ್ ಬಂದರು, ಹೋದರು. ಸಂಜೆ ಅಪ್ಪನ ಕಣ್ಣಿಗೆ ಕಚ್ಚು ಬಿತ್ತು. ‘ಯಾರು’ ಅಂತ ಗುಡುಗಿದರು. ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ಅಷ್ಟೇ ನಡೆದದ್ದು. ಒಂದು ಮಾತು. ನಾನು ಜೀವಮಾನದಲ್ಲಿ ಸಾವಿರ ಸುಳ್ಳು ಹೇಳಿದ್ದೇನೆ, ಎಲ್ಲಕ್ಕೂ ಜನ ನಕ್ಕಿದ್ದಾರೆ. ಅದೊಂದನ್ನು ಮಾತ್ರ ನಂಬಿಬಿಟ್ಟರು.

ಪಂಕ್ಚರ್ ಅಂಗಡಿಯ ವಿಷಯ ನನಗೆ ಗೊತ್ತಿರಲಿಲ್ಲ ಅಂತ ಬರೆಯಬಹುದು. ಬರೆಯುವುದಿಲ್ಲ. ನನ್ನ ಸೈಕಲ್ಲಿಗೆ ಗಾಳಿ ಹೊಡೆಸಲು ನಾನು ಆ ಬೀದಿ ಬಿಟ್ಟು ಇನ್ನೊಂದು ಬೀದಿಗೆ ಹೋಗುತ್ತಿದ್ದೆ.

ಈಗ ನೀನು ಕಳಿಸಿದ ಪೆಟ್ಟಿಗೆಯಲ್ಲಿ ನಲವತ್ತೊಂದು ಕೈಗೆ ಬಂತು. ಐವತ್ತೇಳು ವರ್ಷದ ಮೇಲೆ. ಎದುರಿಗೆ ನನ್ನ ಹಲ್ಲಿನ ಗುರುತು ಇದ್ದ ಹಾಗೆ. ಅವನ ಮಗ ಇದನ್ನು ಹತ್ತು ವರ್ಷದಿಂದ ನೋಡುತ್ತಿದ್ದಾನೆ ಅಂತ ನೀನು ಬರೆದಮೇಲೆ ಕೈ ನಿಲ್ಲಲಿಲ್ಲ. ತುಂಬಿ ಮುಚ್ಚಬಹುದಿತ್ತು, ಆದರೆ ಅದು ಬಲ್ಲವರ ಕಣ್ಣಿಗೆ ಕಾಣುತ್ತದೆ. ಕಿತ್ತು ಒಲೆಗೆ ಹಾಕಿ ಬೇರೆ ಟೋಪಿ ಕೂರಿಸಬಹುದಿತ್ತು, ಅಕ್ಕ ಕೂತು ಸವೆಸಿದ ಮರ, ಒಲೆಗೆ ಹಾಕಲು ಕೈ ಬರಲಿಲ್ಲ. ಯಾರೂ ಮುಟ್ಟದ ತುದಿಯಲ್ಲಿ ಬಚ್ಚಿಟ್ಟೆ. ಅವಳಿಗೆ ಕಾಣುವುದಿಲ್ಲ ಅಂತ ಒಂದು ಸಾಲು ಬರೆದಿದ್ದರೆ ಮುಟ್ಟುತ್ತಿರಲಿಲ್ಲ. ಇದು ನೆಪವಲ್ಲ, ಸಂಕಟ.

ಹದಿನೆಂಟಕ್ಕೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಡಂಗುರ ಹೊಡೆಯುವುದಿಲ್ಲ. ಟ್ಯೂನರನ್ನು ನೀನು ಕರೆಯಬೇಡ. ಅವರ ಮನೆ ವಿಳಾಸ ಬರೆದು ಕಳಿಸು, ಬಸ್ಸಿಳಿದು ಮೊದಲು ಅಲ್ಲಿಗೇ ಹೋಗುತ್ತೇನೆ.

ಮಾವ


ಏಪ್ರಿಲ್ ೧೫

ಮಾವ,

ವಿಳಾಸ ಹಿಂಬದಿಯಲ್ಲಿದೆ. ಕ್ಷಮಿಸಿ, ನಾನು ನಿಮಗಿಂತ ಮೊದಲೇ ಹೋಗಿಬಂದೆ. ನಿಮ್ಮ ಬಸ್ಸಿಗೆ ಕಾಯುವ ಧೈರ್ಯ ಇರಲಿಲ್ಲ, ನೀವು ಬಂದೇ ಬರುತ್ತೀರಿ ಅನ್ನುವ ನಂಬಿಕೆಯೂ ಪೂರ್ತಿ ಇರಲಿಲ್ಲ. ಬಾಗಿಲಲ್ಲಿ ನಿಂತು ತಪ್ಪಾಯಿತು ಅಂದೆ. ನಿಮ್ಮ ಕಾಗದವನ್ನು ಅವರ ಕೈಗೇ ಕೊಟ್ಟೆ. ನಿಂತೇ ಓದಿದರು, ಮಡಚಿ ವಾಪಸು ಕೊಟ್ಟರು. ಬರುತ್ತಾರಂತೆ, ಒಂದು ಕರಾರಿನ ಮೇಲೆ. ಟೋಪಿ ಬಿಚ್ಚಿ ಅಂಟಿಸುವುದು ಅವರೇ, ನೀವು ಮುಟ್ಟಕೂಡದು. ನೋಡುತ್ತ ಕೂತಿರಬೇಕು.

ಅಮ್ಮನಿಗೆ ಓದಿ ಹೇಳಿದೆ. ಅವಳು ಹೇಳಿದ್ದು ಇದು. ‘ಅವನು ಕಚ್ಚು ಹಾಕುವಾಗ ನಾನು ಬಾಗಿಲ ಹಿಂದೆ ಇದ್ದೆ. ಅಪ್ಪ ಕೇಳಿದಾಗ ನಾನೂ ಬಾಯಿ ಮುಚ್ಕೊಂಡಿದ್ದೆ. ತಮ್ಮನಿಗೆ ಏಟು ಬೀಳುತ್ತಲ್ಲ ಅಂತ. ಅದಕ್ಕೇ ಅವರ ಮಗನನ್ನ ಹುಡುಕಿಸಿದ್ದು. ಹತ್ತು ವರ್ಷದಿಂದ ಹೇಳಬೇಕು ಅಂತ ಇದ್ದೆ, ಹೇಳಲಿಲ್ಲ.’ ಮೊದಲ ಸಲ ಅವಳು ತಾನಾಗಿಯೇ ಅವರ ಮನೆಗೆ ನನ್ನ ಜೊತೆ ಹೊರಟಳು. ಒಳಗೆ ಹೋಗಿ ಏನು ಮಾತಾಡಿದಳೋ, ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿದ್ದಳು.

ಚಾಕು ತನ್ನಿ ಅಂತ ಟ್ಯೂನರ್ ಹೇಳಿಕಳಿಸಿದ್ದಾರೆ.

ಗುಬ್ಬಿ


ಏಪ್ರಿಲ್ ೨೩
ಪಾಲಿಶ್ ಅಂಗಡಿಯಿಂದ

ಚಿರಂಜೀವಿ ಗುಬ್ಬಿಗೆ,

ಊರು ಸೇರಿದೆ. ಕೂರಲು ಜಾಗ ಸಿಕ್ಕಿತ್ತು. ಪಕ್ಕದವನಿಗೆ ನನ್ನ ಪ್ರತಾಪ ಒಂದನ್ನೂ ಹೇಳಲಿಲ್ಲ, ಅವನು ಪುಣ್ಯವಂತ.

ಹದಿನೆಂಟರ ಮಧ್ಯಾಹ್ನ ನೀನು ಬಾಡಿಗೆ ಕುರ್ಚಿ ತರಲು ಹೋಗಿದ್ದಾಗ ಏನಾಯಿತು ಅಂತ ನಿನಗೆ ಗೊತ್ತಿಲ್ಲ. ಬೆಳಿಗ್ಗೆ ಬಸ್ಸಿಳಿದು ಅವರ ಮನೆಗೆ ಹೋದಾಗ ಬಾಗಿಲಲ್ಲೇ ‘ಮಧ್ಯಾಹ್ನ ಅಲ್ಲಿಗೇ ಬರ್ತೀನಿ’ ಅಂದು ಕಳಿಸಿದ್ದ ಟ್ಯೂನರ್ ಮೇಜಿನ ಮೇಲೆ ಹಳೇ ಪೇಪರು ಹಾಸಿದರು. ನಾನು ನಾಲ್ಕು ದಿನ ಬಾಯಿಪಾಠ ಮಾಡಿಕೊಂಡು ಹೋಗಿದ್ದ ಮಾತು ಶುರು ಮಾಡಿದೆ. ‘ಕಾಗದದಲ್ಲಿ ಓದಿದೀನಿ’ ಅಂದರು, ತಲೆ ಎತ್ತಲಿಲ್ಲ. ಆಮೇಲೆ ಎಡಗೈ ಚಾಚಿದರು. ಏನು ಅಂತ ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಚಾಕು ಕೊಟ್ಟೆ.

ಅದರ ಅಲಗನ್ನು ಸ್ಪಿರಿಟ್ ದೀಪದಲ್ಲಿ ಬೆಚ್ಚಗೆ ಮಾಡಿ, ಟೋಪಿಯ ಬುಡಕ್ಕೆ ತೂರಿಸಿ, ಮೊದಲು ಎಂಬತ್ತಾರು, ಆಮೇಲೆ ನಲವತ್ತೊಂದು, ಎರಡನ್ನೂ ಬಿಡಿಸಿದರು. ನನ್ನ ಪಾಲಿಶ್ ಮೇಲೆ ಒಂದು ಗೀರೂ ಬೀಳಲಿಲ್ಲ. ನನಗಿಂತ ಒಳ್ಳೆಯ ಕೈ. ಇದನ್ನು ನಾನು ಇನ್ನೊಬ್ಬ ಕೆಲಸಗಾರನ ಬಗ್ಗೆ ಬರೆಯುತ್ತಿರುವುದು ಮೊದಲ ಸಲ, ಕಾಗದ ಜೋಪಾನವಾಗಿಡು. ಅಂಟು ಒಣಗುವವರೆಗೆ ಇಬ್ಬರೂ ಎದುರುಬದುರು ಕೂತಿದ್ದೆವು. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಜೇಬಿಗೆ ಹೋಗುತ್ತದೇನೋ ಅಂತ. ಕೈ ಎರಡನ್ನೂ ಮೇಜಿನ ಮೇಲೆ ಇಟ್ಟುಕೊಂಡೇ ಕೂತೆ.

ಎಲ್ಲ ಕೂರಿಸಿದ ಮೇಲೆ ಎಣಿಸಿದರು, ಗಟ್ಟಿಯಾಗಿ, ನನ್ನ ಮುಖ ನೋಡುತ್ತ. ಒಂದು, ಎರಡು, ಮೂವತ್ತಾರರವರೆಗೆ. ನಾನು ಎದ್ದು ನಿಂತು ಪೂರ್ತಿ ಕೇಳಿದೆ. ಚಾಕುವನ್ನು ಒರೆಸಿ ತಮ್ಮ ಸಾಮಾನಿನ ಚೀಲಕ್ಕೆ ಹಾಕಿಕೊಂಡರು. ವಾಪಸು ಕೇಳಲಿಲ್ಲ ನಾನು. ಕ್ಷಮಿಸಿದ್ದೇನೆ ಅಂತ ಅವರೂ ಹೇಳಲಿಲ್ಲ. ಅಕ್ಕ ಕೊಟ್ಟ ಟೀ ಕುಡಿದರು. ನಾನು ಕೊಟ್ಟಿದ್ದರೆ ಕುಡಿಯುತ್ತಿರಲಿಲ್ಲ.

ಇಪ್ಪತ್ತರಂದು ನೀನು ಎದುರಿನ ಸಾಲಿನಲ್ಲಿದ್ದೆ, ನಾನು ಬೇಕೆಂದೇ ಹಿಂದೆ, ಬಾಗಿಲ ಹತ್ತಿರ ನಿಂತಿದ್ದೆ. ಅಕ್ಕ ಕೂತಳು. ಬೆರಳು ಒಮ್ಮೆ ಇಳಿಯಿತು. ಕಚ್ಚಿನ ಮೇಲೇ. ಅವಳು ನಕ್ಕಳು, ನೀನಿದ್ದ ಕಡೆಯಿಂದ ಮುಖ ಕಾಣುತ್ತಿರಲಿಲ್ಲ. ಆಮೇಲೆ ನುಡಿಸಿದ್ದು ನಿನಗೆ ಗೊತ್ತೇ ಇದೆ. ನನ್ನ ಪಕ್ಕದಲ್ಲಿ ಟ್ಯೂನರ್ ನಿಂತಿದ್ದರು. ಮುಗಿಯುವವರೆಗೆ ಅವರೂ ಕೂರಲಿಲ್ಲ, ನಾನೂ ಕೂರಲಿಲ್ಲ.

ಅಕ್ಕ ನಕ್ಕಳು ಅಂದರೆ ನೀನು ನಂಬುವುದಿಲ್ಲ, ಈ ಮಾವನ ಮಾತಿನಲ್ಲಿ ಅರ್ಧ ನೀರು ಅನ್ನುತ್ತೀಯ. ಟ್ಯೂನರನ್ನು ಕೇಳು. ಅವರೂ ನೋಡಿದ್ದಾರೆ. ಅವರು ಹೇಳಿದ್ದೇ ನಿಜ.

ನಿನ್ನ ಮಾವ